ಉಪ್ಪಿಲ್ಲದ ಮಣ್ಣು

ನಮ್ಮ ಮನೆಯಲ್ಲಿ ಚಹಾ ಬಾಯಿಗಿಡದವಳು ಅಜ್ಜಿ ಒಬ್ಬಳೇ. ಬೆಳಿಗ್ಗೆ ಎದ್ದು ಕುಚ್ಚಿಗೆ ಅಕ್ಕಿಯ ಗಂಜಿ, ಅದರ ಬದಿಗೆ ಉಪ್ಪುನೀರಿನಲ್ಲಿ ಮುಳುಗಿದ್ದ ಒಂದು ಮಾವಿನಮಿಡಿ, ಇಷ್ಟಾದರೆ ಅವಳ ದಿನ ಶುರು. ಚಹಾ ಎಂದರೆ ಹೊಟ್ಟೆ ಸುಡುವ ಕಪ್ಪು ನೀರು, ಕೆಲಸಗಳ್ಳರು ಹೊತ್ತು ಕಳೆಯಲು ಕಂಡುಕೊಂಡ ದಾರಿ ಎಂಬುದು ಅವಳ ತೀರ್ಮಾನ. ಅಂಥವಳು ನನ್ನ ಬಾಲ್ಯದಲ್ಲಿ ಒಂದು ವರ್ಷ ಪೂರ್ತಿ ಚಹಾ ಗಿಡದ ಬೆನ್ನು ಹತ್ತಿದ್ದಳು ಎಂದರೆ ಈಗ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಅಂಕೋಲೆಯ ಸೆಕೆಯಲ್ಲಿ ಚಹಾವೇ ಮೇಡಂ ಎನ್ನುತ್ತಾರೆ. ನಾನು ಸಸ್ಯಶಾಸ್ತ್ರ ಕಲಿಸುವವಳು. ಪುಸ್ತಕ ಹಿಡಿದು ನಿಂತರೆ ನಾನೂ ಅವರ ಜೊತೆ ತಲೆಯಾಡಿಸಬೇಕು. ಆದರೆ ಪುಸ್ತಕ ಕೈಗೆ ಬರುವ ಮೊದಲೇ ನಾನು ಅಜ್ಜಿಯ ಹಠವನ್ನು ಓದಿ ಮುಗಿಸಿದ್ದೆ, ಹಾಗಾಗಿ ಸುಮ್ಮನಿರುತ್ತೇನೆ.

ನಾವು ಮೂಲದಲ್ಲಿ ಚೆಂಡಿಯಾದವರು. ಅಲ್ಲಿನ ಮನೆಯ ಜಗಲಿ ಸಮುದ್ರಕ್ಕೆ ಮುಖ ಮಾಡಿತ್ತು. ಅಂಗಳದಂಚಿಗೆ ಹೊನ್ನೆ ಮರಗಳ ಸಾಲು, ಅದರಾಚೆ ಮರಳು, ಅದರಾಚೆ ನೀರು. ಹೊನ್ನೆಯ ಬಿಳಿ ಹೂಗಳು, ನಡುವೆ ಹಳದಿ ಕೇಸರದ ಗೊಂಚಲು, ದಿನಾ ಬೆಳಿಗ್ಗೆ ಅಂಗಳ ತುಂಬ ಬಿದ್ದಿರುತ್ತಿದ್ದವು. ಅಜ್ಜಿ ಬೈಯುತ್ತ ಗುಡಿಸುತ್ತಿದ್ದಳು, ಗುಡಿಸಿದ್ದರಲ್ಲೇ ಒಳ್ಳೆಯದೊಂದನ್ನು ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದಳು. ನೌಕಾನೆಲೆಗೆ ಆ ಜಾಗ ಹೋಯಿತು. ನಮಗೆ ಸಿಕ್ಕಿದ್ದು ಹಟ್ಟಿಕೇರಿಯ ಕಡೆಗೆ, ಗುಡ್ಡದ ಬುಡ ಕಡಿದು ಮಾಡಿದ ಪುನರ್ವಸತಿ ಕಾಲನಿಯಲ್ಲಿ ಒಂದು ಸೈಟು. ಅಪ್ಪ ಅಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆ ಕಡೆಗೆ ಬೇರೆ ಬಾಗಿಲಿರುವ ಒಂದು ಬಾಡಿಗೆ ಕೋಣೆ ಕಟ್ಟಿಸಿದ. ಜಗಲಿ ಇರಲಿಲ್ಲ. ಅಜ್ಜಿ ಕಾಲು ಚಾಚಿ ಕೂರುವ ಜಾಗವಿಲ್ಲದ ಆ ಕಟ್ಟಡವನ್ನು ಮನೆ ಎಂದು ಕರೆಯಲೇ ಇಲ್ಲ. ಮದುವೆಗೋ ಪೇಟೆಗೋ ಹೋದವಳು ಹೊರಡುವಾಗ, ‘ಕಾಲನಿಗೆ ಹೋಗ್ವಾ’ ಎನ್ನುತ್ತಿದ್ದಳು. ಮನೆ ಎಂದರೆ ಚೆಂಡಿಯಾದ್ದು, ಅದು ಈಗ ಇಲ್ಲ, ಅಷ್ಟೇ.

ಹಾಗಂತ ಅವಳು ಕೈಕಟ್ಟಿ ಕೂತವಳಲ್ಲ. ತೆಂಗಿನ ಸಸಿ ನೆಟ್ಟಳು, ಅಬ್ಬಲಿಗೆ ನೆಟ್ಟಳು, ದಾಸವಾಳದ ಗೆಲ್ಲು ಊರಿದಳು, ಬಸಳೆ ಹಬ್ಬಿಸಲು ಚಪ್ಪರ ಹಾಕಿದಳು. ಕೆಂಪು ಕಲ್ಲಿನ ಮೇಲೆ ಅಂಗೈ ದಪ್ಪದ ಮಣ್ಣು, ಮಳೆಗಾಲದಲ್ಲಿ ಎಲ್ಲ ಚಿಗುರುತ್ತಿದ್ದವು, ಬೇಸಿಗೆಯಲ್ಲಿ ಎಲ್ಲ ಸಾಯುತ್ತಿದ್ದವು. ಬದುಕಿದ್ದು ತುಳಸಿ ಮಾತ್ರ. ಅದು ಚೆಂಡಿಯಾದ ಮಣ್ಣಿನ ಸಮೇತ ಕಟ್ಟೆಯೊಳಗೆ ಕೂತು ಬಂದದ್ದು, ಈ ನೆಲಕ್ಕೆ ಬೇರು ತಾಗಿಸಿರಲೇ ಇಲ್ಲ. ಅಪ್ಪ ಬಸ್ಸಿನ ಡ್ರೈವರು, ಸಂಜೆ ಬಂದವನು ಒಣಗಿದ ಗಿಡಗಳನ್ನು ದಾಟಿಕೊಂಡೇ ಒಳಗೆ ಬರಬೇಕು. ಬೊಬ್ರುವಾಡದಲ್ಲಿ ಸೋದರಮಾವನ ಮನೆಯ ಒಂದು ಭಾಗ ಖಾಲಿಯಿತ್ತು. ಈ ಸೈಟನ್ನು ಮನೆ ಸಮೇತ ಕೊಳ್ಳುತ್ತೇನೆಂದು ಒಬ್ಬ ಕಾಂಟ್ರಾಕ್ಟರು ಎರಡು ಸಲ ಬಂದು ಹೋಗಿದ್ದ. ತುಳಸಿ ಲಗ್ನದ ಮರುದಿನ, ಉಳಿದ ಅವಲಕ್ಕಿ ತಿನ್ನುತ್ತ, ಅಪ್ಪ ವಿಷಯ ತೆಗೆದ. ಅವನು ತನ್ನ ತಾಯಿಯನ್ನು ಆಯಿ ಎಂದು ಕರೆಯುತ್ತಿದ್ದ.

“ಆಯಿ, ಈ ಕಲ್ಲ ಮೇಲೆ ಏನ್ ಬೆಳೀತದೆ ಹೇಳು. ಬೊಬ್ರುವಾಡದಲ್ಲಿ ಬಾವಿ ಅದೆ, ತೆಂಗಿನ ಮರ ಅದೆ. ಮಾರಿ ಹೋಗ್ವಾ.”

“ಒಂದ್ಸಲ ಅವ್ರು ಎಬ್ಸಿದ್ರು, ಎದ್ದೆ. ಇನ್ನೊಂದ್ಸಲ ನಾನಾಗಿ ಏಳೂದಿಲ್ಲ.”

ಅಮ್ಮ ಅಪ್ಪನ ಪರ. ತವರಿನ ಹತ್ತಿರ ಹೋಗುವ ಆಸೆ ಅವಳಿಗೆ ಇದ್ದೇ ಇತ್ತು, ಅದರಲ್ಲಿ ತಪ್ಪೇನೂ ಇಲ್ಲ. ಮನೆ ಅಂತ ಕರೆಯದ ಜಾಗಕ್ಕೆ ಅತ್ತೆ ಯಾಕೆ ಅಂಟಿಕೊಂಡಿದ್ದಾರೆ ಎಂದು ಅವಳು ಪಾತ್ರೆಗಳನ್ನು ಕೇಳಿದಳು, ಪಾತ್ರೆಗಳೂ ಸಾಕಷ್ಟು ಜೋರಾಗಿಯೇ ಉತ್ತರಿಸಿದವು. ಎರಡು ದಿನ ಹೀಗೇ ಹೋಯಿತು. ಕೊನೆಗೆ ಅಜ್ಜಿಯೇ ಒಂದು ಕರಾರು ಹಾಕಿದಳು. ಮುಂದಿನ ತುಳಸಿ ಲಗ್ನದವರೆಗೆ ಬಿಡು. ಅಷ್ಟರೊಳಗೆ ಈ ನೆಲದಲ್ಲಿ ಬೇರು ಬಿಟ್ಟ ಒಂದು ಗಿಡ ಬೇಸಿಗೆ ದಾಟಿ ಹಸಿರಾಗಿ ನಿಂತಿದ್ದರೆ ಇಲ್ಲೇ ಇರುವುದು. ಇಲ್ಲದಿದ್ದರೆ ನೀನು ಹೇಳಿದಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಬರುತ್ತೇನೆ. ಅಪ್ಪ ನಕ್ಕು ಒಪ್ಪಿಕೊಂಡ. ಅಜ್ಜಿ ಬಾಯಿ ಮುಚ್ಚುವ ಭಾಗವನ್ನು ಅವನು ನಂಬಲಿಲ್ಲ, ಉಳಿದದ್ದನ್ನು ನಂಬಿದ. ನನಗಂತೂ ಅಜ್ಜಿ ಆಗಲೇ ಸೋತಂತೆ ಕಂಡಿತು, ಯಾಕೆಂದರೆ ಆ ಅಂಗಳವನ್ನು ನಾನು ನೋಡಿದ್ದೆ.

ಬಾಡಿಗೆ ಕೋಣೆಗೆ ಮಾಮೊನಿ ಬಂದದ್ದು ಆ ಹೊತ್ತಿಗೇ. ಅಸ್ಸಾಮಿನವಳು, ಗಂಡ ನೌಕಾನೆಲೆಯಲ್ಲಿ ಕೆಲಸದವನು, ಕ್ವಾರ್ಟರ್ಸ್ ಸಿಗುವವರೆಗೆ ಇರುತ್ತೇವೆಂದು ಬಂದಿದ್ದರು. ಯಾರಿಗೆ ಬೇಕಾದರೂ ಬಾಡಿಗೆಗೆ ಕೊಡು, ನೇವಿಯವರಿಗೆ ಮಾತ್ರ ಬೇಡ ಎಂದು ಅಜ್ಜಿ ಮೊದಲೇ ಹೇಳಿದ್ದಳು. ಅಪ್ಪ ಕೊಟ್ಟ ಮೇಲೆ ಹೇಳಿದ. ಅಜ್ಜಿ ಆ ಕಡೆಯ ಕಿಟಕಿಯನ್ನೇ ಮುಚ್ಚಿ, ಅದರ ಮುಂದೆ ಅಕ್ಕಿ ಡಬ್ಬಿ ಇಟ್ಟಳು. ಡಬ್ಬಿ ಸರಿದದ್ದು ಮೀನಿನಿಂದ. ಒಂದು ದಿನ ಮಾಮೊನಿ ಹೊರಗೆ ಕೂತು ಬಂಗಡೆ ಕೊಯ್ಯುತ್ತಿದ್ದಳು. ನಮ್ಮ ಈಳಿಗೆ ಮಣೆಯಂಥದೇ ಒಂದು ಮಣೆ, ಕಾಲಲ್ಲಿ ಒತ್ತಿ ಹಿಡಿದು, ಕಿವಿರು ತೆಗೆದು, ಒಂದೇ ಎಳೆತಕ್ಕೆ ಹೊಟ್ಟೆ ಸೀಳಿ ತೊಳೆಯುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದಳು. ಮೀನು ಕೊಯ್ಯಲು ಬರುವವಳು ಕೆಟ್ಟವಳಾಗಿರಲಿಕ್ಕಿಲ್ಲ ಎಂದು ನನಗೆ ಹೇಳಿದಳು, ಅವಳಿಗೆ ಹೇಳು ಎನ್ನುವಂತೆ. ಮರುದಿನ ನಮ್ಮ ಬಿರಿಂಡೆ ಹಣ್ಣಿನ ಹುಳಿಯ ಸಾರು ಅತ್ತ ಹೋಯಿತು, ಅವರ ಟೊಮೆಟೊ ಹುಳಿಯ ಮೀನು ಇತ್ತ ಬಂತು. ಅಜ್ಜಿಗೆ ಹಿಂದಿ ಬಾರದು, ಮಾಮೊನಿಗೆ ಕನ್ನಡ ಬಾರದು. ನನಗೆ ಟೀವಿ ಧಾರಾವಾಹಿಗಳ ಹಿಂದಿ ಬರುತ್ತಿತ್ತು, ಅತ್ತೆ ಸೊಸೆಯರ ಸಂಚಿನ ಮಾತುಗಳೆಲ್ಲ ಬಾಯಿಪಾಠ. ಅದೇ ಬಂಡವಾಳದಲ್ಲಿ ಇಬ್ಬರ ನಡುವೆ ದುಭಾಷಿಯಾದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಸರಿಯಾಗಿ ದಾಟಿಸಬೇಕು, ಇಲ್ಲದಿದ್ದರೆ ಕೆಡುತ್ತದೆ ಎಂಬುದನ್ನು ನಾನು ಕಲಿತದ್ದು ಆ ಎರಡು ಬಾಗಿಲುಗಳ ನಡುವೆ ಓಡಾಡುತ್ತ. ಈಗ ತರಗತಿಯಲ್ಲಿ ನಿಂತಾಗಲೂ ಮಾಡುವುದು ಅದನ್ನೇ.

ಇಲ್ಲಿ ಏನೂ ಬದುಕುವುದಿಲ್ಲ ಎಂದು ನಾನು ದಾಟಿಸಿದ ದಿನ ಮಾಮೊನಿ ಅಂಗಳದ ಇಳಿಜಾರಿನಲ್ಲಿ ಕೂತು ಮಣ್ಣು ಕೆದಕಿದಳು. ತನ್ನ ಊರಿನ ಗುಡ್ಡದ ಮಣ್ಣೂ ಹೀಗೇ ಕೆಂಪು, ನೀರು ನಿಲ್ಲುವುದಿಲ್ಲ, ಸ್ವಲ್ಪ ಹುಳಿ. ಅಂಥ ಮಣ್ಣಿಗೆ ಒಗ್ಗುವ ಗಿಡ ಒಂದಿದೆ ಎಂದಳು. ಅವಳ ತಂದೆಯ ಮನೆಯ ಹಿಂದೆ ಒಂದು ಚಹಾ ಮರವಿತ್ತಂತೆ. ಮರ ಎಂದಾಗ ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಮತ್ತೆ ಕೇಳಿದೆ. ಅಲ್ಲ, ಮರವೇ. ತೋಟದವರು ಸೊಂಟದ ಮಟ್ಟಕ್ಕೆ ಕತ್ತರಿಸಿ ಕತ್ತರಿಸಿ ಅದನ್ನು ಪೊದೆ ಮಾಡುತ್ತಾರೆ. ಕಾಡಿನಲ್ಲಿ ಕತ್ತರಿಸುವವರಿಲ್ಲ, ಅಂಗೈಗಿಂತ ದೊಡ್ಡ ಎಲೆ ಬಿಟ್ಟು ಎತ್ತರಕ್ಕೆ ಹೋಗುತ್ತದೆ, ಯಾವ ಋತುವಿನಲ್ಲೂ ಬೋಳಾಗುವುದಿಲ್ಲ. ಯಾವ ಋತುವಿನಲ್ಲೂ ಬೋಳಾಗುವುದಿಲ್ಲ ಎಂಬ ಮಾತನ್ನು ಅಜ್ಜಿ ನನ್ನಿಂದ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಮಣ್ಣು ಹುಳಿಯೋ ಅಲ್ಲವೋ ನೋಡಲು ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡಳು. ಮಾಮೊನಿ ಬಾಯಿ ಬಿಟ್ಟು ನೋಡುತ್ತಿದ್ದಳು.

“ಹುಳೀನೂ ಇಲ್ಲ, ಎಂತದೂ ಇಲ್ಲ. ಉಪ್ಪೇ ಇಲ್ಲ ಈ ಮಣ್ಣಿಗೆ. ಸಪ್ಪೆ.”

ಈ ಮಾತನ್ನು ನಾನು ಮಾಮೊನಿಗೆ ದಾಟಿಸಲಿಲ್ಲ. ಅಜ್ಜಿ ತನಗೆ ತಾನೇ ಹೇಳಿಕೊಂಡದ್ದು ಅಂದುಕೊಂಡೆ.

ಮಾಮೊನಿ ತನ್ನ ಊರಿನ ಚಳಿಗಾಲದ ಹಬ್ಬಕ್ಕೆ ಹೋಗಿ ಬರುವಾಗ ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿದ ಬೀಜ ತಂದಳು. ಒಣಗಿದರೆ ಅವು ಸತ್ತಂತೆ, ಒಳಗೆ ಎಣ್ಣೆ ಇರುವ ಬೀಜ, ಬೇಗ ಕೆಡುತ್ತವೆ ಎಂದು ರೈಲಿನಲ್ಲಿ ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ಬಂದಿದ್ದಳು. ಕಂದು ಬಣ್ಣದ, ಗಟ್ಟಿ ಸಿಪ್ಪೆಯ, ಒಂದು ಬದಿ ಚಪ್ಪಟೆಯಾದ ಬೀಜಗಳು. ಬಕೆಟ್ಟಿನ ನೀರಿಗೆ ಹಾಕಿದೆವು. ಮುಳುಗಿದ್ದು ಇರಲಿ, ತೇಲಿದ್ದು ಹೋಗಲಿ. ಮುಳುಗಿದವನ್ನು ಒದ್ದೆ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತು, ಬಚ್ಚಲ ಗೋಡೆಯ ನೆರಳಿನಲ್ಲಿಟ್ಟು, ಗೋಣಿ ಮುಚ್ಚಿದೆವು. ಹೊಳೆಯ ಹೊಯ್ಗೆಯೇ ಬೇಕು ಎಂದು ಮಾಮೊನಿ ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಅಜ್ಜಿ ಸಮುದ್ರದ್ದನ್ನೇ ತರಿಸುತ್ತಿದ್ದಳು. ಶಾಲೆಯಿಂದ ಬಂದ ಕೂಡಲೇ ನನ್ನ ಮೊದಲ ಕೆಲಸ ಗೋಣಿ ಎತ್ತಿ ನೋಡುವುದು. ದಿನಗಳು ಕಳೆದವು, ಏನೂ ಆಗಲಿಲ್ಲ, ಅಮ್ಮ ಬೀಜಗಳನ್ನು ‘ನಿಮ್ಮ ಅಜ್ಜಿಯ ಮೊಟ್ಟೆಗಳು’ ಎಂದು ಕರೆಯತೊಡಗಿದಳು. ಒಂದು ಸಂಜೆ ಒಂದರ ಸಿಪ್ಪೆ ಬಿರಿದಿತ್ತು. ಒಳಗಿಂದ ಬಿಳಿ ಬೇರಿನ ತುದಿ ಇಣುಕುತ್ತಿತ್ತು. ಅಜ್ಜಿಯನ್ನು ಕೂಗಿ ಕರೆದೆ. ಅವಳು ಹೊಯ್ಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮುಟ್ಟದೆ, ಉಸಿರೂ ಬಿಡದೆ ನೋಡಿದಳು.

ಇದರ ತಾಯಿಬೇರು ಉದ್ದ, ಎಳೆಯದಿದ್ದಾಗಲೇ ಇರುವ ಜಾಗಕ್ಕೆ ಹೋಗಬೇಕು, ಆಮೇಲೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ ಎಂದು ಮಾಮೊನಿ ಹೇಳಿದಳು. ಅದನ್ನು ದಾಟಿಸಿದಾಗ ಅಜ್ಜಿ ನನ್ನ ಮುಖ ನೋಡಿ, ಮುನಿಸಿಕೊಳ್ಳದೆ ಏನು ಮಾಡುತ್ತದೆ ಎಂದಳು. ಇಳಿಜಾರಿನಲ್ಲಿ ಕಲ್ಲು ಒಡೆದು ಗುಂಡಿ ತೆಗೆಯುವ ಕೆಲಸ ಅವಳದ್ದೇ. ಹಾರೆ ಎತ್ತಿ ಬಿಡುವಾಗ ಕಿಡಿ ಹಾರುತ್ತಿತ್ತು. ಅಪ್ಪ ನೋಡಿಯೂ ನೋಡದವನ ಹಾಗೆ ಒಳಗೆ ಹೋಗುತ್ತಿದ್ದ. ಗುಂಡಿಗಳಿಗೆ ಗುಡ್ಡದ ಮೇಲಿನ ಕೊಳೆತ ಸೊಪ್ಪಿನ ಮಣ್ಣು ತುಂಬಿ, ಬಿರಿದ ಬೀಜಗಳನ್ನು ಇಟ್ಟು, ಮೇಲೆ ತೆಂಗಿನ ಗರಿಯ ನೆರಳು ಕಟ್ಟಿದೆವು. ಶಿಗ್ಮೋ, ಅಂದರೆ ನಮ್ಮ ಕಡೆಯ ಹೋಳಿ ಹಬ್ಬದ ಹೊತ್ತಿಗೆ ಮಣ್ಣಿನಿಂದ ತಲೆ ಎತ್ತಿದವು. ಎಳೆ ಎಲೆಯ ಅಂಚಿಗೆ ಸಣ್ಣ ಗರಗಸದ ಹಲ್ಲು, ಹಿಂಬದಿಯಲ್ಲಿ ಬೆಳ್ಳಿ ಬಣ್ಣದ ನವಿರು. ಎಲೆಯ ಅಡಿಯನ್ನು ತಿರುಗಿಸಿ ನೋಡುವ ಚಟ ನನಗೆ ಹತ್ತಿದ್ದು ಆಗ. ಬೇಸಿಗೆಯ ನಡುವಿಗೆ ಬಂದರೂ ಅವು ಹಸಿರಾಗಿಯೇ ಇದ್ದವು. ಅಮ್ಮ ಕೂಡ ಪಾತ್ರೆ ತೊಳೆದು ಬರುವಾಗ ಆ ಕಡೆ ಒಮ್ಮೆ ಕಣ್ಣು ಹಾಯಿಸತೊಡಗಿದ್ದಳು.

ಆಮೇಲೆ ಎಲೆಗಳ ಅಂಚು ಸುಡತೊಡಗಿತು. ಮೊದಲು ತುದಿ ಕಂದಾಯಿತು, ಆಮೇಲೆ ಹಲ್ಲುಗಳುದ್ದಕ್ಕೂ, ಆಮೇಲೆ ಇಡೀ ಎಲೆ ಮುದುಡಿ ಉದುರಿತು. ಒಂದು ಸತ್ತಿತು, ಮರುದಿನ ಇನ್ನೊಂದು. ಬಿಸಿಲು ಎಂದು ಗರಿ ಹೆಚ್ಚು ಹಾಕಿದೆವು, ನಿಲ್ಲಲಿಲ್ಲ. ಮಾಮೊನಿ ಒಂದು ಬುಡ ಕೆದಕಿ ಕೈಗೆ ಮಣ್ಣು ತೆಗೆದುಕೊಂಡಳು. ಬೂದಿ, ಅದರೊಳಗೆ ಬಿಳಿ ಹರಳು. ನನ್ನ ಕಡೆ ನೋಡಿದಳು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

“ಮಳೆಗೆ ಮುಂಚೆ ಉಪ್ಪು ಬೂದಿ ಕೊಡಬೇಕಲ್ಲಾ. ತೆಂಗಿಗೆ ಕೊಡೂದಿಲ್ವಾ? ಸಪ್ಪೆ ಮಣ್ಣು ತಿಂದು ಎಷ್ಟ್ ದಿನ ಇರ್ತಾವೆ ಇವು?”

ನಮ್ಮ ಕಡಲ ಬದಿಯವರ ಕ್ರಮವೇ ಅದು. ತೆಂಗಿನ ಬುಡ ಬಿಡಿಸಿ, ಹಿಡಿ ಹಿಡಿ ಉಪ್ಪು, ಒಲೆಯ ಬೂದಿ, ಮೀನಿನ ತಲೆ ಹಾಕಿ ಮುಚ್ಚುವುದು. ಪ್ರೀತಿಯ ಗಿಡಕ್ಕೆ ಒಂದು ಹಿಡಿ ಹೆಚ್ಚು. ಅಜ್ಜಿ ಈ ಗಿಡಗಳಿಗೆ ಯಾರಿಗೂ ಹೇಳದೆ, ಬೆಳಿಗ್ಗೆ ಎಲ್ಲರೂ ಏಳುವ ಮೊದಲು, ಪಾಲಿಗಿಂತ ಹೆಚ್ಚೇ ಬಡಿಸಿದ್ದಳು. ಈ ಜಾತಿಗೆ ಉಪ್ಪು ಆಗದು, ಬೂದಿಯೂ ಆಗದು, ಅದರ ಬೇರಿಗೆ ಹುಳಿ ಮಣ್ಣೇ ಬೇಕು ಎಂದು ಮಾಮೊನಿ ಹೇಳಿದಳು. ನಾನು ದಾಟಿಸಿದೆ. ಒಂದು ಶಬ್ದವನ್ನೂ ಮೆತ್ತಗೆ ಮಾಡಲು ನನಗೆ ಬರಲಿಲ್ಲ. ಅಜ್ಜಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಮಧ್ಯಾಹ್ನ ಉಣ್ಣಲಿಲ್ಲ. ಚೆಂಡಿಯಾ ಬಿಟ್ಟು ಬಂದ ದಿನವೂ ಉಂಡವಳು ಅವಳು. ಊಟದ ಹೊತ್ತಿಗೆ ಅಪ್ಪನೂ ಇದ್ದ, ಅವನು ಗೆದ್ದವನ ಹಾಗೆ ಕಾಣಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದ. ನಾನು ಅತ್ತುಬಿಟ್ಟೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಜ್ಜಿ ಎದ್ದಳು. ಸೀರೆ ಎತ್ತಿ ಕಟ್ಟಿ, ತೆಂಗಿನ ಚಿಪ್ಪು ಹಿಡಿದು ಇಳಿಜಾರಿಗೆ ಹೋದಳು. ಉಳಿದ ಗಿಡಗಳ ಬುಡದಲ್ಲಿ ಕೂತು, ಬೇರಿಗೆ ತಾಗದಂತೆ, ಚಿಪ್ಪಿನಿಂದ ಮೇಲಿನ ಮಣ್ಣನ್ನು ಕೆರೆದು ಕೆರೆದು ಬುಟ್ಟಿಗೆ ಹಾಕತೊಡಗಿದಳು. ಇನ್ನು ಏನು ಮಾಡಬೇಕು ಎಂದು ಕೇಳು ಅವಳನ್ನು ಎಂದಳು. ನೀರು, ಸಿಹಿ ನೀರು, ಉಪ್ಪು ಕೆಳಗಿಳಿದು ಹೋಗುವಷ್ಟು, ಮಳೆ ಬರುವವರೆಗೆ ಎಂದು ಮಾಮೊನಿ ಉತ್ತರ ಕೊಟ್ಟಳು. ಬೇಸಿಗೆಯ ಕೊನೆ. ಕಾಲನಿಯ ನಲ್ಲಿ ದಿನ ಬಿಟ್ಟು ದಿನ, ಅದೂ ಮನೆಗೆ ಇಷ್ಟು ಕೊಡ ಎಂಬ ಲೆಕ್ಕದಲ್ಲಿ. ಸಿಹಿ ನೀರಿನ ಬಾವಿ ಗದ್ದೆಗಳಾಚೆ. ಅಜ್ಜಿ ಕೊಡ ಎತ್ತಿಕೊಂಡಳು. ಅಮ್ಮ ಬಾಗಿಲಲ್ಲಿ ಅಡ್ಡ ನಿಂತಳು.

“ಉಪ್ಪು ತಿಂದವ್ರು ನೀರು ಕುಡೀಲೇಬೇಕು ಅತ್ತೆ. ಆದ್ರೆ ಹೊರೂಕೆ ನಾವಿಲ್ವಾ?”

ಎಂದು ಕೊಡ ಕಸಿದುಕೊಂಡಳು. ಅಮ್ಮ, ನಾನು, ಮಾಮೊನಿ, ಮೂವರೂ ಗದ್ದೆಯ ಬದುವಿನ ಮೇಲೆ ಸಾಲಾಗಿ ಹೋಗಿ ಬಂದೆವು. ಅಕ್ಕಿ ತೊಳೆದ ನೀರೂ ಆ ಗಿಡಗಳಿಗೇ. ನಮ್ಮ ಸ್ನಾನ ಅರ್ಧ ಬಕೆಟ್ಟಿಗೆ ಇಳಿಯಿತು. ಎರಡನೆಯ ಸಂಜೆಯೋ ಮೂರನೆಯದೋ, ಡ್ಯೂಟಿ ಮುಗಿಸಿ ಬಂದ ಅಪ್ಪ ಖಾಕಿ ಅಂಗಿಯಲ್ಲೇ ಅಂಗಳದಲ್ಲಿ ನಿಂತ. ಅಜ್ಜಿ ಚಿಪ್ಪು ಹಿಡಿದು ಮಣ್ಣಿನಲ್ಲಿ ಕೂತಿದ್ದಳು, ತಲೆ ಎತ್ತಲಿಲ್ಲ. ಅಪ್ಪ ಒಳಗೆ ಹೋಗಿ ಅಂಗಿ ತೆಗೆದಿಟ್ಟು, ಪಂಚೆ ಮೇಲೆ ಕಟ್ಟಿ, ನೀರಿನ ಎರಡು ದೊಡ್ಡ ಕ್ಯಾನುಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೊರಟ. ಯಾರೂ ಅವನನ್ನು ಕೇಳಿರಲಿಲ್ಲ. ಬಂದವನು ಪ್ರತಿ ಬುಡಕ್ಕೂ ನಿಧಾನವಾಗಿ ನೀರು ಹೊಯ್ದ, ಮಣ್ಣು ಕೊಚ್ಚಿ ಹೋಗದ ಹಾಗೆ ಅಂಗೈ ಅಡ್ಡ ಹಿಡಿದು. ನಾನು ಅವನ ಅಂಗೈಯನ್ನು ನೋಡುತ್ತ ನಿಂತಿದ್ದೆ. ಮಾರಲು ಹೊರಟ ನೆಲಕ್ಕೆ ಯಾರೂ ಹಾಗೆ ನೀರು ಹೊಯ್ಯುವುದಿಲ್ಲ ಎಂದು ನನಗೆ ಅಷ್ಟು ಚಿಕ್ಕವಳಿದ್ದಾಗಲೂ ಗೊತ್ತಾಯಿತು. ಅಂದಿನಿಂದ ಮಳೆ ಹಿಡಿಯುವವರೆಗೆ ಅವನು ದಿನವೂ ಹೊತ್ತ.

ಹೆಚ್ಚಿನವು ಸತ್ತವು. ಉಳಿದದ್ದು ಎರಡು, ಒಂದು ನಮ್ಮ ಅಡುಗೆಮನೆಯ ಹಿಂದೆ, ಇನ್ನೊಂದು ಮಾಮೊನಿಯ ಬಾಗಿಲ ಬದಿಗೆ. ಮಳೆಗಾಲ ಪೂರ್ತಿ ಅವು ಬೋಳು ಕಡ್ಡಿಗಳಾಗಿ ನಿಂತಿದ್ದವು. ಮಳೆ ಕಡಿಮೆಯಾದ ಮೇಲೆ ಎಲೆಯ ಕಂಕುಳಲ್ಲಿ, ಅಂದರೆ ಎಲೆ ಇದ್ದ ಜಾಗದ ಗಾಯದಲ್ಲಿ, ಬೆಳ್ಳಿ ನವಿರಿನ ಮೊಗ್ಗು ಒಡೆಯಿತು. ತುಳಸಿ ಲಗ್ನದ ಹೊತ್ತಿಗೆ ಎರಡೂ ಹಸಿರಾಗಿದ್ದವು. ಕಬ್ಬು, ನೆಲ್ಲಿ ಗೆಲ್ಲು ಕಟ್ಟಿ ತುಳಸಿಗೆ ಆರತಿ ಎತ್ತಿದ ಮೇಲೆ ಅಜ್ಜಿ ಆ ಎರಡು ಗಿಡಗಳಿಗೂ ಕುಂಕುಮ ಹಚ್ಚಿದಳು. ಕರಾರಿನ ಮಾತನ್ನು ಯಾರೂ ಎತ್ತಲಿಲ್ಲ. ಮರುವಾರ ಕಾಂಟ್ರಾಕ್ಟರು ಮತ್ತೆ ಬಂದ. ಅಮ್ಮ ಚಹಾ ಕೊಟ್ಟಳು. ಅಪ್ಪ ಅವನನ್ನು ಇಳಿಜಾರಿಗೆ ಕರೆದುಕೊಂಡು ಹೋಗಿ ತೋರಿಸಿದ.

“ನೀವ್ ಕುಡ್ದದ್ದು ಇದ್ರದ್ದೇ ಸೊಪ್ಪು ಕಾಣಿ. ಗಿಡ ಇನ್ನೂ ಸಣ್ಣದು, ಬಿಟ್ಟು ಹೋಗೂಕೆ ಬರೂದಿಲ್ಲ.”

ಸೊಪ್ಪು ಇದರದ್ದು ಎಂದದ್ದು ಶುದ್ಧ ಸುಳ್ಳು, ಆ ಚಹಾ ಪುಡಿ ಅಂಗಡಿಯದು. ಕಾಂಟ್ರಾಕ್ಟರು ನಂಬಿದನೋ ಇಲ್ಲವೋ, ಮತ್ತೆ ಬರಲಿಲ್ಲ. ಅಮ್ಮ ಮಾತ್ರ ಒಂದು ವಾರ ಅಪ್ಪನನ್ನು ‘ಚಹಾ ತೋಟದ ಸಾವ್ಕಾರ್ರೇ’ ಎಂದು ಕರೆದಳು. ಆ ವರ್ಷ ಅಪ್ಪ ಮನೆಯ ಮುಂದೆ ಒಂದು ಜಗಲಿ ಕಟ್ಟಿಸಿದ. ಸಮುದ್ರ ಕಾಣುವುದಿಲ್ಲ, ಗುಡ್ಡ ಕಾಣುತ್ತದೆ, ಆದರೆ ಕಾಲು ಚಾಚಬಹುದು.

ಮಾಮೊನಿಯ ಗಂಡನಿಗೆ ವರ್ಗವಾಯಿತು. ಹೋಗುವ ಮೊದಲು ಅವಳು ಎಳೆ ಕುಡಿಗಳನ್ನು ಚಿವುಟಿ, ಅಂಗೈಯಲ್ಲಿ ಹೊಸೆದು, ಬಾಣಲೆಯಲ್ಲಿ ಬಾಡಿಸಿ, ಹಾಲಿಲ್ಲದ ಚಹಾ ಮಾಡಿದಳು. ಅಜ್ಜಿ ಜೀವಮಾನದಲ್ಲಿ ಮೊದಲ ಸಲ ಚಹಾ ಕುಡಿದಳು. ಒಂದು ಗುಟುಕು ನುಂಗಿ, ಬೆಲ್ಲ ಕಚ್ಚಿ, ಇನ್ನೊಂದು ಗುಟುಕು ನುಂಗಿ, ಹೀಗೆ ಪೂರ್ತಿ ಲೋಟ ಮುಗಿಸಿದಳು. ಹೇಗಿದೆ ಎಂದು ಮಾಮೊನಿ ಕಣ್ಣಲ್ಲೇ ಕೇಳಿದಳು. ಒಳ್ಳೆಯದಿದೆ ಎಂದು ಹೇಳು ಎಂದಳು ಅಜ್ಜಿ, ಆಮೇಲೆ ನನ್ನ ಕಿವಿಯಲ್ಲಿ, ಕಹಿಬೇವು ಇದಕ್ಕಿಂತ ವಾಸಿ ಎಂದಳು. ಮೊದಲನೆಯದನ್ನಷ್ಟೇ ದಾಟಿಸಿದೆ. ಮಾಮೊನಿ ಹೊರಟಾಗ ಅಜ್ಜಿ ಅವಳ ಎರಡೂ ಕೈ ಹಿಡಿದು ಬಿಡದೆ ನಿಂತಳು, ಅಲ್ಲಿ ನನ್ನ ಹಿಂದಿ ಬೇಕಾಗಲಿಲ್ಲ.

ಹೂ ಬಂದದ್ದು ನಾನು ಅಂಕೋಲೆಯ ಕಾಲೇಜಿಗೆ ಹೋಗತೊಡಗಿದ ಮೇಲೆ. ಗಿಡಗಳು ಆಗ ನನಗಿಂತ ಎತ್ತರವಾಗಿದ್ದವು, ಕತ್ತರಿಸಲು ಅಜ್ಜಿ ಬಿಟ್ಟಿರಲಿಲ್ಲ. ಚಳಿ ಶುರುವಾಗುವ ಹೊತ್ತಿನ ಒಂದು ಬೆಳಿಗ್ಗೆ ಅವಳು ಹಿತ್ತಲಿಂದ ನನ್ನನ್ನು ಕೂಗಿದಳು. ಎಲೆಗಳ ಅಡಿಯಲ್ಲಿ ತಲೆ ಬಗ್ಗಿಸಿ ಬಿಳಿ ಹೂಗಳು ಅರಳಿದ್ದವು, ನಡುವೆ ಹಳದಿ ಕೇಸರದ ದಟ್ಟ ಗೊಂಚಲು. ಕೆಲವು ನೆಲಕ್ಕೂ ಬಿದ್ದಿದ್ದವು. ಅಜ್ಜಿ ಕಸಬರಿಗೆ ಕೈಯಲ್ಲೇ ಹಿಡಿದುಕೊಂಡು, ಗುಡಿಸದೆ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಹೊಸದಾಗಿ ಸಸ್ಯಶಾಸ್ತ್ರ ಕಲಿಯುತ್ತಿದ್ದ ನನಗೆ ಎಲ್ಲ ತಿಳಿದಿತ್ತಲ್ಲ, ಅವಳು ತಪ್ಪು ತಿಳಿದು ಆಮೇಲೆ ನೋಯಬಾರದು ಎಂದು ಅವಸರವಾಗಿ ಹೇಳಿದೆ.

“ಅಜ್ಜಿ, ಇದು ಹೊನ್ನೆ ಅಲ್ಲ. ನೋಡೂಕೆ ಹಾಗೇ ಕಾಣ್ತದೆ. ಜಾತಿನೇ ಬೇರೆ.”

ಅಜ್ಜಿ ಬಗ್ಗಿ, ಬಿದ್ದಿದ್ದರಲ್ಲಿ ಒಳ್ಳೆಯದೊಂದನ್ನು ಆರಿಸಿ, ಮಣ್ಣು ಊದಿ, ಕಿವಿಯ ಮೇಲೆ ಸಿಕ್ಕಿಸಿಕೊಂಡಳು.

“ಗೊತ್ತದೆ ತಂಗಿ. ಹೊನ್ನೆ ಅಲ್ಲೀದು. ಇದು ನಮ್ಮನೇದು.”

ಆಮೇಲೆ ಉಳಿದ ಹೂಗಳನ್ನು ಬೈಯುತ್ತ ಗುಡಿಸತೊಡಗಿದಳು.